ಅಂಗರಚನಾಶಾಸ್ತ್ರದ ದಿಕ್ಸೂಚಕ ಪದಗಳು

ಅಂಗರಚನಾಶಾಸ್ತ್ರದ ದಿಕ್ಸೂಚಕ ಪದಗಳು ಎಂದರೆ ಮಾನವ ದೇಹದ ಒಂದು ಭಾಗವು ಇನ್ನೊಂದು ಭಾಗಕ್ಕೆ ಹೋಲಿಸಿದಾಗ ಎಲ್ಲಿದೆ ಎಂಬುದನ್ನು ನಿಖರವಾಗಿ ಹೇಳಲು ಬಳಸುವ ಪಾರಿಭಾಷಿಕ ಪದಗಳು. ಮೇಲೆ, ಕೆಳಗೆ, ಮುಂದೆ, ಹಿಂದೆ, ಒಳಗೆ, ಹೊರಗೆ ಎಂಬ ದಿನಬಳಕೆಯ ಮಾತುಗಳ ಅರ್ಥವು ವ್ಯಕ್ತಿ ನಿಂತಿದ್ದಾನೆಯೇ, ಕುಳಿತಿದ್ದಾನೆಯೇ, ಮಲಗಿದ್ದಾನೆಯೇ ಎಂಬುದರ ಮೇಲೆ ಬದಲಾಗುತ್ತದೆ. ನೋಡುವವನು ಯಾವ ಕಡೆ ನಿಂತಿದ್ದಾನೆ ಎಂಬುದರಿಂದಲೂ ಬದಲಾಗುತ್ತದೆ. ದಿಕ್ಸೂಚಕ ಪದಗಳು ಹೀಗೆ ಬದಲಾಗುವುದಿಲ್ಲ. ಅವು ನೆಲಕ್ಕಾಗಲಿ, ನೋಡುವವನ ಕಣ್ಣಿಗಾಗಲಿ ಸಂಬಂಧಿಸದೆ, ವಿವರಿಸಲಾಗುತ್ತಿರುವ ದೇಹಕ್ಕೇ ಅಂಟಿಕೊಂಡಿರುತ್ತವೆ. ವೈದ್ಯಕೀಯ, ಶುಶ್ರೂಷೆ, ದಂತವೈದ್ಯಕೀಯ, ಪಶುವೈದ್ಯಕೀಯ ಮತ್ತು ಯೋಗ ಶಿಕ್ಷಣಗಳಲ್ಲಿ ಇವುಗಳ ಪರಿಚಯ ಮೊದಲ ಪಾಠವಾಗಿರುತ್ತದೆ.

ಈ ಲೇಖನದಲ್ಲಿ ಕನ್ನಡ ಪದಗಳ ಜೊತೆಗೆ ಆಸ್ಪತ್ರೆಯ ಚೀಟಿಗಳಲ್ಲಿ ಕಾಣಸಿಗುವ ಇಂಗ್ಲಿಷ್ ಮತ್ತು ಲ್ಯಾಟಿನ್ ಮೂಲದ ಹೆಸರುಗಳನ್ನೂ ಕೊಡಲಾಗಿದೆ. ಉದಾಹರಣೆಗಳಲ್ಲಿ ಹೆಚ್ಚಿನವನ್ನು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದ ಜನಜೀವನದಿಂದ ಆಯ್ದುಕೊಳ್ಳಲಾಗಿದೆ.

ಅಗತ್ಯ

ಕನ್ನಡದಲ್ಲಿ 'ಕೈ' ಎಂಬ ಪದವು ಹೆಗಲಿನಿಂದ ಬೆರಳ ತುದಿಯವರೆಗಿನ ಇಡೀ ಅಂಗವನ್ನೂ ಸೂಚಿಸುತ್ತದೆ, ಮಣಿಕಟ್ಟಿನಿಂದಾಚೆಯ ಭಾಗವನ್ನು ಮಾತ್ರವೂ ಸೂಚಿಸುತ್ತದೆ. 'ಕಾಲು' ಎಂಬುದೂ ಹಾಗೆಯೇ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ರಟ್ಟೆ, ಬಗಲು, ನಡ, ಮೀನಖಂಡ ಮುಂತಾದ ಪದಗಳು ಬಳಕೆಯಲ್ಲಿದ್ದು, ಅವು ಭಾಗವನ್ನು ಹೆಸರಿಸುತ್ತವೆಯೇ ಹೊರತು ಆ ಭಾಗದೊಳಗಿನ ಜಾಗವನ್ನು ತಿಳಿಸುವುದಿಲ್ಲ. 'ಕಾಲು ನೋಯುತ್ತಿದೆ' ಎಂಬ ಮಾತಿನಿಂದ ತೊಡೆಯೋ, ಮೊಣಕಾಲೋ, ಪಾದವೋ ಎಂಬುದು ತಿಳಿಯುವುದಿಲ್ಲ.

ಎದುರಿಗೆ ಕುಳಿತ ವೈದ್ಯರಿಗೆ ಬೆರಳಿಟ್ಟು ತೋರಿಸಬಹುದು. ರೋಗಿಯನ್ನು ಬೇರೆ ಊರಿನ ಆಸ್ಪತ್ರೆಗೆ ಕಳುಹಿಸಬೇಕಾದಾಗ ಬರಹವೇ ಬೆರಳಿನ ಕೆಲಸ ಮಾಡಬೇಕಾಗುತ್ತದೆ. ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಬ್ಬು ಕಡಿಯುವಾಗ ಒಬ್ಬರಿಗೆ ಮುಂಗೈಯ ಬಳಿ ಗಾಯವಾಗಿದೆ ಎಂದುಕೊಳ್ಳೋಣ. 'ಕೈಗೆ ಪೆಟ್ಟಾಗಿದೆ' ಎಂದು ಬರೆದರೆ ಮುಂದಿನ ವೈದ್ಯರಿಗೆ ಏನೂ ತಿಳಿಯದು. 'ಎಡ ಮುಂದೋಳಿನ ಮುಂಭಾಗದಲ್ಲಿ, ಮಣಿಕಟ್ಟಿನಿಂದ 4 ಸೆಂ.ಮೀ. ಸಮೀಪಸ್ಥವಾಗಿ, ಪಾರ್ಶ್ವದ ಅಂಚಿನಲ್ಲಿ 3 ಸೆಂ.ಮೀ. ಉದ್ದದ ಗಾಯ' ಎಂದು ಬರೆದರೆ, ಕಟ್ಟು ಬಿಚ್ಚುವ ಮೊದಲೇ ಅದು ನಾಡಿ ಹಿಡಿದು ನೋಡುವ ಅಪಧಮನಿಯ ಹತ್ತಿರದ ಗಾಯವೆಂಬುದು ಓದುವವರಿಗೆ ತಿಳಿಯುತ್ತದೆ.

ಪ್ರಮಾಣಿತ ಅಂಗರಚನಾ ಭಂಗಿ

ಎಲ್ಲ ದಿಕ್ಸೂಚಕ ಪದಗಳಿಗೂ ಆಧಾರವಾಗಿರುವುದು ಪ್ರಮಾಣಿತ ಅಂಗರಚನಾ ಭಂಗಿ. ಈ ಭಂಗಿಯಲ್ಲಿ ವ್ಯಕ್ತಿ ನೆಟ್ಟಗೆ ನಿಂತಿರುತ್ತಾನೆ. ಮುಖ ಮತ್ತು ಕಣ್ಣುಗಳು ನೇರವಾಗಿ ಮುಂದಕ್ಕೆ ನೋಡುತ್ತಿರುತ್ತವೆ. ಪಾದಗಳು ಜೊತೆಯಾಗಿದ್ದು ಬೆರಳುಗಳು ಮುಂದಕ್ಕೆ ಚಾಚಿರುತ್ತವೆ. ತೋಳುಗಳು ದೇಹದ ಎರಡೂ ಬದಿಯಲ್ಲಿ ಇಳಿಬಿದ್ದಿದ್ದು, ಅಂಗೈಗಳು ಮುಂದಕ್ಕೆ ತಿರುಗಿರುತ್ತವೆ.

ಇವುಗಳಲ್ಲಿ ಅಂಗೈಯ ನಿಯಮವನ್ನು ವಿಶೇಷವಾಗಿ ಗಮನಿಸಬೇಕು. ಸಹಜವಾಗಿ ನಿಂತಾಗ ಅಂಗೈಗಳು ತೊಡೆಯ ಕಡೆಗೆ ತಿರುಗಿರುತ್ತವೆ. ಪ್ರಮಾಣಿತ ಭಂಗಿಯಲ್ಲಿ ಅವು ಮುಂದಕ್ಕೆ ತಿರುಗುವುದರಿಂದ ಹೆಬ್ಬೆರಳು ದೇಹದಿಂದ ಹೊರಬದಿಗೂ ಕಿರುಬೆರಳು ದೇಹದ ಕಡೆಗೂ ಬರುತ್ತದೆ. ಮುಂದೋಳಿನ ಎರಡು ಮೂಳೆಗಳಾದ ರೇಡಿಯಸ್ ಮತ್ತು ಅಲ್ನಾ ಪರಸ್ಪರ ಸಮಾನಾಂತರವಾಗಿರುತ್ತವೆ. ಅಂಗೈಯನ್ನು ಹಿಂದಕ್ಕೆ ತಿರುಗಿಸಿದರೆ ರೇಡಿಯಸ್ ಮೂಳೆಯು ಅಲ್ನಾದ ಮೇಲೆ ಅಡ್ಡಹಾಯುತ್ತದೆ. ಆಗ ಒಳ-ಹೊರ ಎಂಬ ಮಾತು ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ಆದ್ದರಿಂದಲೇ ಈ ನಿಯಮ.

ವ್ಯಕ್ತಿ ನಿಜವಾಗಿ ಯಾವ ಭಂಗಿಯಲ್ಲಿದ್ದರೂ ವಿವರಣೆಯನ್ನು ಪ್ರಮಾಣಿತ ಭಂಗಿಗೆ ಅನುಗುಣವಾಗಿಯೇ ಕೊಡಬೇಕು. ರಬಕವಿ-ಬನಹಟ್ಟಿಯು ನೇಕಾರಿಕೆಗೆ ಹೆಸರಾದ ಅವಳಿ ಪಟ್ಟಣ. ಕುಣಿಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಡುತ್ತಾರೆ. ಆಗ ತೊಡೆ ಮುಂದಕ್ಕೆ ಚಾಚಿಕೊಂಡು, ಮೊಣಕಾಲು ಸೊಂಟದ ಕೀಲಿನ ಮಟ್ಟದಲ್ಲಿ, ಅದರ ಎದುರಿಗೆ ಬರುತ್ತದೆ. ಆದರೂ ಅಂಗರಚನೆಯ ಭಾಷೆಯಲ್ಲಿ ಮೊಣಕಾಲು ಸೊಂಟದ 'ಮುಂದೆ' ಇದೆ ಎನ್ನುವಂತಿಲ್ಲ, ಅದು ಸೊಂಟದ ಕೆಳಗೇ ಇದೆ. ಹಾಗೆಯೇ ಮಗ್ಗದ ಹಲಗೆಯನ್ನು ಹಿಡಿದ ಕೈಯಲ್ಲಿ ಅಂಗೈ ನೆಲದ ಕಡೆಗಿದ್ದು ಹೆಬ್ಬೆರಳು ದೇಹದ ಕಡೆ ತಿರುಗಿದ್ದರೂ, ಹೆಬ್ಬೆರಳಿನ ಬುಡದ ನೋವನ್ನು ಮಣಿಕಟ್ಟಿನ ಪಾರ್ಶ್ವಭಾಗದ, ಅಂದರೆ ಹೊರಬದಿಯ ನೋವೆಂದೇ ದಾಖಲಿಸಬೇಕು.

ಎಡ ಮತ್ತು ಬಲ

ಎಡ, ಬಲ ಎಂಬ ಪದಗಳು ಯಾವಾಗಲೂ ವಿವರಿಸಲಾಗುತ್ತಿರುವ ವ್ಯಕ್ತಿಯ ಎಡ, ಬಲಗಳನ್ನೇ ಸೂಚಿಸುತ್ತವೆ. ನೋಡುವವರ ಎಡಬಲಗಳನ್ನಲ್ಲ. ಎದುರುಬದುರಾಗಿ ನಿಂತ ಇಬ್ಬರಲ್ಲಿ ಒಬ್ಬರ ಬಲವು ಇನ್ನೊಬ್ಬರ ಎಡಕ್ಕೆ ಕಾಣುವುದರಿಂದ ಹೊಸದಾಗಿ ಕಲಿಯುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ.

ಈ ನಿಯಮವನ್ನು ನದಿಯ ದಂಡೆಗಳ ಹೆಸರಿಗೆ ಹೋಲಿಸಬಹುದು. ನದಿಯ ಎಡದಂಡೆ, ಬಲದಂಡೆಗಳನ್ನು ನೀರು ಹರಿಯುವ ದಿಕ್ಕಿಗೆ ಮುಖಮಾಡಿ ಗುರುತಿಸಲಾಗುತ್ತದೆ. ಘಟಪ್ರಭಾ ನದಿಯು ಒಟ್ಟಾರೆ ಪೂರ್ವಾಭಿಮುಖವಾಗಿ ಹರಿದು ಕೃಷ್ಣೆಯನ್ನು ಸೇರುವುದರಿಂದ ಅದರ ಉತ್ತರದ ದಂಡೆಯೇ ಎಡದಂಡೆ. ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳ ಹೊಲಗಳಿಗೆ ನೀರುಣಿಸುವ ಕಾಲುವೆಗೆ ಘಟಪ್ರಭಾ ಎಡದಂಡೆ ಕಾಲುವೆ ಎಂಬ ಹೆಸರು ಬಂದಿರುವುದು ಹೀಗೆ. ರೈತನು ನದಿಯ ಯಾವ ದಡದಲ್ಲಿ ನಿಂತು, ಯಾವ ಕಡೆ ಮುಖಮಾಡಿ ನೋಡಿದರೂ ಎಡದಂಡೆಯು ಬಲದಂಡೆಯಾಗುವುದಿಲ್ಲ. ದೇಹದ ಎಡಬಲಗಳೂ ಇದೇ ರೀತಿಯವು.

ಎದೆಯ ಕ್ಷಕಿರಣ ಚಿತ್ರವನ್ನು ನೋಡುವಾಗಲೂ ರೋಗಿ ಎದುರಿಗೆ ನಿಂತಿದ್ದಾನೆಂದೇ ಭಾವಿಸಲಾಗುತ್ತದೆ. ಆದ್ದರಿಂದ ಹೃದಯದ ತುದಿಯು ನೋಡುವವರ ಬಲಗಡೆಗೆ ಕಾಣುತ್ತದೆ, ಆದರೆ ಅದು ರೋಗಿಯ ಎಡಭಾಗ. ಬೆರಳೆಣಿಕೆಯ ಜನರಲ್ಲಿ ಒಳಾಂಗಗಳು ಕನ್ನಡಿಯ ಬಿಂಬದಂತೆ ಅದಲುಬದಲಾಗಿದ್ದು, ಹೃದಯದ ತುದಿ ನಿಜವಾಗಿಯೂ ಬಲಕ್ಕಿರುವುದುಂಟು. ಚಿತ್ರದ ಮೇಲೆ ಬದಿಯ ಗುರುತು ಇರಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಮುಖ್ಯ ಪದಜೋಡಿಗಳು

ದಿಕ್ಸೂಚಕ ಪದಗಳು ಸಾಮಾನ್ಯವಾಗಿ ವಿರುದ್ಧಾರ್ಥಕ ಜೋಡಿಗಳಾಗಿರುತ್ತವೆ ಮತ್ತು ಸಾಪೇಕ್ಷವಾಗಿರುತ್ತವೆ. ಒಂದು ಅಂಗವು ಬರಿದೇ 'ಮೇಲಿನದು' ಆಗಿರುವುದಿಲ್ಲ, ಇನ್ನೊಂದಕ್ಕಿಂತ ಮೇಲಿನದಾಗಿರುತ್ತದೆ.

ಮೇಲಿನ ಮತ್ತು ಕೆಳಗಿನ: ತಲೆಯ ಕಡೆಗಿರುವುದು ಮೇಲಿನದು, ಪಾದದ ಕಡೆಗಿರುವುದು ಕೆಳಗಿನದು. ಇವುಗಳಿಗೆ ಸುಪೀರಿಯರ್ ಮತ್ತು ಇನ್ಫೀರಿಯರ್ ಎಂಬ ಹೆಸರುಗಳಿವೆ. ಮೂಗು ಬಾಯಿಗಿಂತ ಮೇಲಿದೆ. ಎದೆಗೂಡಿನ ಅಂಗಗಳು ವಪೆಗಿಂತ ಮೇಲಿವೆ, ಜಠರವು ಕೆಳಗಿದೆ. ಯಕೃತ್ತು ಬಲಗಡೆ ಹೆಚ್ಚು ಜಾಗವನ್ನು ಆಕ್ರಮಿಸಿಕೊಂಡಿರುವುದರಿಂದ ಬಲ ಮೂತ್ರಪಿಂಡವು ಎಡ ಮೂತ್ರಪಿಂಡಕ್ಕಿಂತ ಸಾಮಾನ್ಯವಾಗಿ ತುಸು ಕೆಳಗಿರುತ್ತದೆ. ಮಹಾಭಾರತದ ಗದಾಯುದ್ಧದ ನಿಯಮವು ಇಂಥದೇ ಒಂದು ಗಡಿರೇಖೆಯನ್ನು ಅವಲಂಬಿಸಿದೆ. ನಾಭಿಗಿಂತ ಕೆಳಗೆ ಹೊಡೆಯುವುದು ಅಧರ್ಮವೆನಿಸಿತ್ತು, ಭೀಮನು ದುರ್ಯೋಧನನ ತೊಡೆಗೆ ಹೊಡೆದದ್ದು ವಿವಾದವಾದದ್ದು ಅದರಿಂದಲೇ. ಈ ಪ್ರಸಂಗವನ್ನು 'ಗದಾಯುದ್ಧ' ಕಾವ್ಯವಾಗಿಸಿದ 10ನೆಯ ಶತಮಾನದ ಕವಿ ರನ್ನ ಹುಟ್ಟಿದ್ದು ಇಂದಿನ ಮುಧೋಳದಲ್ಲಿ.

ಮುಂದಿನ ಮತ್ತು ಹಿಂದಿನ: ದೇಹದ ಎದುರುಭಾಗಕ್ಕೆ ಹತ್ತಿರವಿರುವುದು ಮುಂದಿನದು, ಬೆನ್ನಿನ ಕಡೆಗಿರುವುದು ಹಿಂದಿನದು. ಇವು ಆಂಟೀರಿಯರ್ ಮತ್ತು ಪೋಸ್ಟೀರಿಯರ್. ಕುತ್ತಿಗೆಯಲ್ಲಿ ಶ್ವಾಸನಾಳವು ಅನ್ನನಾಳದ ಮುಂದಿದೆ, ಅನ್ನನಾಳವು ಬೆನ್ನೆಲುಬಿನ ಮುಂದಿದೆ. ಅನ್ನನಾಳವನ್ನು ಒಂದಕ್ಕೆ ಹೋಲಿಸಿದಾಗ ಹಿಂದಿನದೆಂದೂ ಇನ್ನೊಂದಕ್ಕೆ ಹೋಲಿಸಿದಾಗ ಮುಂದಿನದೆಂದೂ ಹೇಳಬೇಕಾಗುತ್ತದೆ. ಇವುಗಳ ಸಾಪೇಕ್ಷತೆಗೆ ಇದು ಉತ್ತಮ ನಿದರ್ಶನ.

ಮಧ್ಯಸ್ಥ ಮತ್ತು ಪಾರ್ಶ್ವಸ್ಥ: ದೇಹವನ್ನು ಎಡಬಲಗಳಾಗಿ ಸಮನಾಗಿ ಸೀಳುವ ಕಾಲ್ಪನಿಕ ನಡುಗೆರೆಗೆ ಹತ್ತಿರವಿರುವುದು ಮಧ್ಯಸ್ಥ, ಅಂದರೆ ಮೀಡಿಯಲ್. ಅದರಿಂದ ದೂರವಿರುವುದು ಪಾರ್ಶ್ವಸ್ಥ, ಅಂದರೆ ಲ್ಯಾಟರಲ್. ಮೂಗು ಕಣ್ಣುಗಳಿಗಿಂತ ಮಧ್ಯಸ್ಥ, ಕಿವಿಗಳು ಕಣ್ಣುಗಳಿಗಿಂತ ಪಾರ್ಶ್ವಸ್ಥ. ಕೈಯ ಹೆಬ್ಬೆರಳು ಪಾರ್ಶ್ವಸ್ಥವಾಗಿದ್ದರೆ, ಕಾಲಿನ ಹೆಬ್ಬೆರಳು ಮಧ್ಯಸ್ಥವಾಗಿದೆ. ಪರೀಕ್ಷೆಗಳಲ್ಲಿ ಪದೇ ಪದೇ ಕೇಳಲಾಗುವ ಈ ವ್ಯತ್ಯಾಸವನ್ನು ಪ್ರಮಾಣಿತ ಭಂಗಿಯಲ್ಲಿ ನಿಂತು ನೋಡಿಕೊಂಡರೆ ಮರೆಯಲಾಗದು.

ಸಮೀಪಸ್ಥ ಮತ್ತು ದೂರಸ್ಥ: ಇವುಗಳನ್ನು ಮುಖ್ಯವಾಗಿ ಕೈಕಾಲುಗಳಿಗೆ ಬಳಸಲಾಗುತ್ತದೆ. ಅಂಗವು ಮುಂಡಕ್ಕೆ ಸೇರುವ ಬುಡಕ್ಕೆ ಹತ್ತಿರವಿರುವುದು ಸಮೀಪಸ್ಥ, ತುದಿಯ ಕಡೆಗಿರುವುದು ದೂರಸ್ಥ. ಆಸ್ಪತ್ರೆಯ ಭಾಷೆಯಲ್ಲಿ ಪ್ರಾಕ್ಸಿಮಲ್ ಮತ್ತು ಡಿಸ್ಟಲ್. ಮೊಣಕೈಯು ಮಣಿಕಟ್ಟಿಗೆ ಸಮೀಪಸ್ಥ, ಹೆಗಲಿಗೆ ದೂರಸ್ಥ. ತೋಳನ್ನು ತಲೆಯ ಮೇಲಕ್ಕೆತ್ತಿದರೂ, ಮುಂದಕ್ಕೆ ಚಾಚಿದರೂ ಈ ಸಂಬಂಧ ಬದಲಾಗದು. ಕರುಳು, ರಕ್ತನಾಳಗಳಂತಹ ಕೊಳವೆಗಳಲ್ಲಿ ಆರಂಭದ ಕಡೆಯನ್ನು ಸಮೀಪಸ್ಥ ಎನ್ನುತ್ತಾರೆ.

ಮೇಲ್ಪದರದ ಮತ್ತು ಆಳದ: ದೇಹದ ಹೊರಮೈಗೆ ಹತ್ತಿರವಿರುವುದು ಮೇಲ್ಪದರದ್ದು, ಒಳಕ್ಕಿರುವುದು ಆಳದ್ದು. ಚರ್ಮವು ಸ್ನಾಯುವಿಗಿಂತ ಮೇಲ್ಪದರದ್ದು, ಮೂಳೆಯು ಸ್ನಾಯುವಿಗಿಂತ ಆಳದ್ದು. ಇಲ್ಲಿನ 'ಮೇಲೆ' ಎಂಬುದು ತಲೆಯ ಕಡೆಯ 'ಮೇಲೆ' ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಬರೆಯುವಾಗ ಎಚ್ಚರ ಅಗತ್ಯ.

ಸಮಪಾರ್ಶ್ವದ ಮತ್ತು ವಿರುದ್ಧಪಾರ್ಶ್ವದ: ದೇಹದ ಒಂದೇ ಬದಿಯಲ್ಲಿರುವವು ಸಮಪಾರ್ಶ್ವದವು, ಎದುರು ಬದಿಯಲ್ಲಿರುವವು ವಿರುದ್ಧಪಾರ್ಶ್ವದವು. ಮಿದುಳಿನ ಎಡ ಅರ್ಧವು ಮುಖ್ಯವಾಗಿ ದೇಹದ ಬಲಭಾಗದ ಚಲನೆಗಳನ್ನು ನಿಯಂತ್ರಿಸುತ್ತದೆ. ಆದ್ದರಿಂದ ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲು ಸ್ವಾಧೀನ ತಪ್ಪಿದಾಗ ವೈದ್ಯರು ಸಾಮಾನ್ಯವಾಗಿ ಮಿದುಳಿನ ಎಡಭಾಗದಲ್ಲಿ ತೊಂದರೆಯನ್ನು ಹುಡುಕುತ್ತಾರೆ.

ಸಮತಲಗಳು

ದೇಹವನ್ನು ಕಾಲ್ಪನಿಕವಾಗಿ ಕತ್ತರಿಸುವ ಮೂರು ಮುಖ್ಯ ಸಮತಲಗಳಿವೆ. ಸ್ಯಾಜಿಟಲ್ ಸಮತಲವು ದೇಹವನ್ನು ಎಡ ಮತ್ತು ಬಲ ಭಾಗಗಳಾಗಿ ವಿಂಗಡಿಸುತ್ತದೆ. ಅದು ನಡುಗೆರೆಯಲ್ಲೇ ಹಾದುಹೋದರೆ ಮಧ್ಯ ಸಮತಲ ಎನಿಸಿಕೊಳ್ಳುತ್ತದೆ. ಕೊರೋನಲ್ ಸಮತಲವು ದೇಹವನ್ನು ಮುಂಭಾಗ ಮತ್ತು ಹಿಂಭಾಗಗಳಾಗಿ ವಿಂಗಡಿಸುತ್ತದೆ. ಅಡ್ಡ ಸಮತಲವು ಮೇಲ್ಭಾಗ ಮತ್ತು ಕೆಳಭಾಗಗಳಾಗಿ ವಿಂಗಡಿಸುತ್ತದೆ. ನಿಂತ ಕಬ್ಬಿನ ಗಳವನ್ನು ಉದ್ದಕ್ಕೆ ಸೀಳುವುದಕ್ಕೂ ಅಡ್ಡಕ್ಕೆ ತುಂಡರಿಸುವುದಕ್ಕೂ ಇರುವ ವ್ಯತ್ಯಾಸವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲ ಎರಡು ಸಮತಲಗಳು ಉದ್ದ ಸೀಳುಗಳು, ಮೂರನೆಯದು ಅಡ್ಡ ತುಂಡು.

ಸಿ.ಟಿ. ಸ್ಕ್ಯಾನ್ ಮತ್ತು ಎಂ.ಆರ್.ಐ. ಚಿತ್ರಗಳನ್ನು ಓದಲು ಈ ತಿಳಿವಳಿಕೆ ಬೇಕು. ಅಡ್ಡ ಸಮತಲದ ಚಿತ್ರಗಳನ್ನು, ಅಂಗಾತ ಮಲಗಿದ ರೋಗಿಯನ್ನು ಪಾದದ ಕಡೆಯಿಂದ ನೋಡಿದಂತೆ ಪ್ರದರ್ಶಿಸುವುದು ರೂಢಿ. ಹಾಗಾಗಿ ರೋಗಿಯ ಬಲಭಾಗದಲ್ಲಿರುವ ಯಕೃತ್ತು ಪರದೆಯ ಎಡಗಡೆಗೆ ಕಾಣಿಸುತ್ತದೆ.

ಮಲಗಿದ ಭಂಗಿಗಳು

ಮುಖ ಮೇಲಾಗಿ ಬೆನ್ನ ಮೇಲೆ ಮಲಗಿರುವುದು ಅಂಗಾತ ಭಂಗಿ, ಮುಖ ಕೆಳಗಾಗಿ ಹೊಟ್ಟೆಯ ಮೇಲೆ ಮಲಗಿರುವುದು ಬೋರಲು ಭಂಗಿ. ಆಸ್ಪತ್ರೆಗಳಲ್ಲಿ ಇವನ್ನು ಸುಪೈನ್ ಮತ್ತು ಪ್ರೋನ್ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಬೋರಲು ಬೀಳುವುದನ್ನು ಡಬ್ಬ ಬೀಳುವುದು ಎಂದೂ ಹೇಳುವುದುಂಟು. ಜಮಖಂಡಿ, ಮುಧೋಳ ಭಾಗದಲ್ಲಿ ಇಂದಿಗೂ ಜನಪ್ರಿಯವಾಗಿರುವ ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಎರಡೂ ಭುಜಗಳು ಮಣ್ಣಿಗೆ ತಾಗುವಂತೆ ಅಂಗಾತ ಕೆಡವುದಕ್ಕೆ ಚಿತ್ ಮಾಡುವುದು ಎನ್ನುತ್ತಾರೆ. ಡಬ್ಬ ಬಿದ್ದ ಪೈಲ್ವಾನ ಸೋತಂತಲ್ಲ, ಚಿತ್ ಆದವನು ಸೋತಂತೆ. ಚಿತ್ ಆದವನ ಎದೆಯು ಆಕಾಶದ ಕಡೆಗೂ ಬೆನ್ನು ಮಣ್ಣಿನ ಕಡೆಗೂ ಇರುತ್ತದೆ. ಆದರೂ ಅವನ ಎದೆಯು ಬೆನ್ನಿಗಿಂತ 'ಮೇಲಿದೆ' ಎಂದು ಅಂಗರಚನಾಶಾಸ್ತ್ರ ಹೇಳುವುದಿಲ್ಲ, 'ಮುಂದಿದೆ' ಎಂದೇ ಹೇಳುತ್ತದೆ.

ಚತುಷ್ಪಾದಿಗಳಲ್ಲಿ

ನಾಲ್ಕು ಕಾಲಿನ ಪ್ರಾಣಿಗಳಲ್ಲಿ ತಲೆಯು ದೇಹದ ಮೇಲ್ತುದಿಯಲ್ಲಿರದೆ ಮುಂತುದಿಯಲ್ಲಿರುತ್ತದೆ. ಆದ್ದರಿಂದ ಮನುಷ್ಯನಿಗೆ ಬಳಸುವ 'ಮೇಲಿನ', 'ಮುಂದಿನ' ಎಂಬ ಪದಗಳು ಅಲ್ಲಿ ಗೊಂದಲ ಉಂಟುಮಾಡುತ್ತವೆ. ಪಶುವೈದ್ಯಕೀಯದಲ್ಲಿ ಅವುಗಳ ಬದಲಿಗೆ ತಲೆದೆಸೆ ಮತ್ತು ಬಾಲದೆಸೆ, ಬೆನ್ನಿನ ಕಡೆ ಮತ್ತು ಉದರದ ಕಡೆ ಎಂಬ ಅರ್ಥದ ಪದಗಳನ್ನು ಬಳಸುತ್ತಾರೆ. ಅವು ಕ್ರೇನಿಯಲ್, ಕಾಡಲ್, ಡಾರ್ಸಲ್ ಮತ್ತು ವೆಂಟ್ರಲ್. ಮನುಷ್ಯನಲ್ಲಿ ಮೇಲಿನ ಮಹಾ ಅಭಿಧಮನಿ ಎನ್ನುವುದನ್ನು ನಾಯಿಯಲ್ಲಿ ತಲೆದೆಸೆಯ ಮಹಾ ಅಭಿಧಮನಿ ಎನ್ನಬೇಕಾಗುತ್ತದೆ.

ಮುಧೋಳ ನಾಯಿಯು ಇದಕ್ಕೆ ಸ್ಪಷ್ಟ ಉದಾಹರಣೆ. ಬೇಟೆಗೆ ಹೆಸರಾದ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಭಾರತೀಯ ಅಂಚೆ ಇಲಾಖೆ 2005ರಲ್ಲಿ ಹೊರತಂದಿತು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವಿದೆ. ಈ ತಳಿಯ ಲಕ್ಷಣಗಳಲ್ಲಿ ಆಳವಾದ ಎದೆ ಮತ್ತು ಒಳಸೇದಿದ ಹೊಟ್ಟೆ ಮುಖ್ಯವಾದವು. ಇಲ್ಲಿ 'ಆಳ' ಎಂದರೆ ಬೆನ್ನಿನಿಂದ ಎದೆಮೂಳೆಯವರೆಗಿನ ಅಳತೆ. ಮುಧೋಳ ನಾಯಿಯ ಎದೆಯಲ್ಲಿ ಈ ಅಳತೆಯು ಎಡದಿಂದ ಬಲಕ್ಕಿರುವ ಅಗಲಕ್ಕಿಂತ ಹೆಚ್ಚು. ಮನುಷ್ಯನ ಎದೆಗೂಡು ಇದಕ್ಕೆ ವಿರುದ್ಧವಾಗಿ ಹಿಂದುಮುಂದಿಗಿಂತ ಎಡಬಲಕ್ಕೆ ಹೆಚ್ಚು ಅಗಲವಾಗಿದೆ. ನಿಂತ ನಾಯಿಯಲ್ಲಿ ಈ ಅಳತೆಯು ಮೇಲಿನಿಂದ ಕೆಳಕ್ಕೂ, ನಿಂತ ಮನುಷ್ಯನಲ್ಲಿ ಹಿಂದಿನಿಂದ ಮುಂದಕ್ಕೂ ಇರುತ್ತದೆ. 'ಬೆನ್ನಿನಿಂದ ಉದರದ ಕಡೆಗೆ' ಎಂದರೆ ಮಾತ್ರ ಎರಡಕ್ಕೂ ಒಂದೇ ಮಾತು ಹೊಂದುತ್ತದೆ.

ಪದಗಳ ಹಿನ್ನೆಲೆ

ದೇಹಕ್ಕೂ ದಿಕ್ಕಿಗೂ ಭಾರತೀಯ ಭಾಷೆಗಳಲ್ಲಿ ಹಳೆಯ ನಂಟಿದೆ. ಸಂಸ್ಕೃತದಲ್ಲಿ ಪೂರ್ವ ಎಂದರೆ ಮೂಡಣ ದಿಕ್ಕು ಮಾತ್ರವಲ್ಲದೆ ಮುಂದಿನದು, ಪಶ್ಚಿಮ ಎಂದರೆ ಹಿಂದಿನದು, ದಕ್ಷಿಣ ಎಂದರೆ ಬಲಗಡೆಯದು. ಉದಯಿಸುವ ಸೂರ್ಯನಿಗೆ ಮುಖಮಾಡಿ ನಿಂತವನ ದೇಹವನ್ನೇ ಆಧಾರವಾಗಿಟ್ಟುಕೊಂಡರೆ ಈ ಅರ್ಥಗಳೆಲ್ಲ ಹೊಂದಿಕೊಳ್ಳುತ್ತವೆ. ಬೆನ್ನಿನ ಭಾಗವನ್ನು ಹಿಗ್ಗಿಸುವ ಆಸನಕ್ಕೆ ಪಶ್ಚಿಮೋತ್ತಾನಾಸನವೆಂದೂ, ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದಕ್ಕೆ ಪ್ರದಕ್ಷಿಣೆಯೆಂದೂ ಹೆಸರಿರುವುದರಲ್ಲಿ ಈ ಅರ್ಥಗಳು ಉಳಿದುಕೊಂಡಿವೆ.

ಅಚ್ಚಗನ್ನಡದಲ್ಲಿಯೂ ದಿಕ್ಕನ್ನು ಒಳಗೊಂಡ ಅಂಗನಾಮಗಳು ಸಾಕಷ್ಟಿವೆ. ಮುಂದೋಳು, ಮುಂಗೈ, ಹಿಂದಲೆ, ಹಿಮ್ಮಡಿ, ಒಳತೊಡೆ, ಮೇಲ್ದುಟಿ, ನಡುಬೆರಳು ಇಂಥವು. ಹಾಸಿಗೆಯ ತುದಿಗಳನ್ನು ಹೇಳುವ ತಲೆದೆಸೆ, ಕಾಲ್ದೆಸೆ ಎಂಬ ಪದಗಳು ಮಲಗಿದ ದೇಹವನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ. ಆದ್ದರಿಂದ ಅಂಗರಚನೆಯ ಪರಿಭಾಷೆಯು ಕನ್ನಡದ ವಿದ್ಯಾರ್ಥಿಗೆ ತೀರ ಅಪರಿಚಿತವಾದುದಲ್ಲ.

ಆಧುನಿಕ ಅಂತರರಾಷ್ಟ್ರೀಯ ಪರಿಭಾಷೆಯು ಲ್ಯಾಟಿನ್ ಭಾಷೆಯನ್ನು ಆಧರಿಸಿದೆ. ಒಂದೇ ಅಂಗಕ್ಕೆ ಹಲವು ಹೆಸರುಗಳಿದ್ದ ಗೊಂದಲವನ್ನು ನಿವಾರಿಸಲು 1895ರಲ್ಲಿ ಬಾಸೆಲ್ ನಗರದಲ್ಲಿ ಮೊದಲ ಸರ್ವಸಮ್ಮತ ಪಟ್ಟಿಯನ್ನು ಅಂಗೀಕರಿಸಲಾಯಿತು. 1955ರಲ್ಲಿ ಪ್ಯಾರಿಸ್ಸಿನಲ್ಲಿ ಪರಿಷ್ಕೃತ ಪಟ್ಟಿಯು ಒಪ್ಪಿಗೆ ಪಡೆಯಿತು. 1998ರಲ್ಲಿ 'ಟರ್ಮಿನೋಲಾಜಿಯಾ ಅನಾಟಾಮಿಕಾ' ಪ್ರಕಟವಾಯಿತು.

ಚಿಕಿತ್ಸೆಯಲ್ಲಿ ಮಹತ್ವ

ದಿಕ್ಸೂಚಕ ಪದದ ಒಂದು ತಪ್ಪು ರೋಗಿಗೆ ಭಾರಿ ಬೆಲೆ ತೆರಿಸಬಹುದು. ಕಣ್ಣು, ಮೂತ್ರಪಿಂಡ, ಮೊಣಕಾಲು ಮುಂತಾದ ಜೋಡಿ ಅಂಗಗಳಲ್ಲಿ ಎಡಕ್ಕೆ ಬದಲು ಬಲ ಎಂದು ಬರೆದರೆ ಆರೋಗ್ಯವಂತ ಅಂಗದ ಮೇಲೆ ಶಸ್ತ್ರಚಿಕಿತ್ಸೆ ನಡೆಯುವ ಅಪಾಯವಿದೆ. ಇಂತಹ ಪ್ರಮಾದಗಳು ಜಗತ್ತಿನ ಅನೇಕ ದೇಶಗಳಲ್ಲಿ ವರದಿಯಾಗಿವೆ. ಅವುಗಳನ್ನು ತಡೆಯುವುದಕ್ಕಾಗಿಯೂ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸಾ ಸುರಕ್ಷತೆಯ ತಪಶೀಲು ಪಟ್ಟಿಯನ್ನು ಬಿಡುಗಡೆ ಮಾಡಿತು. ಅರಿವಳಿಕೆ ಕೊಡುವ ಮೊದಲೇ ರೋಗಿಯು ತನ್ನ ಗುರುತನ್ನೂ, ಶಸ್ತ್ರಚಿಕಿತ್ಸೆ ಆಗಬೇಕಾದ ಜಾಗವನ್ನೂ ಖಚಿತಪಡಿಸಬೇಕು, ಆ ಜಾಗದ ಮೇಲೆ ಗುರುತು ಹಾಕಿರಬೇಕು ಎಂಬುದು ಅದರಲ್ಲಿ ಸೇರಿದೆ. ಚರ್ಮವನ್ನು ಕೊಯ್ಯುವ ಮುನ್ನ ತಂಡದವರೆಲ್ಲರೂ ಇದನ್ನು ಬಾಯಿಬಿಟ್ಟು ಹೇಳಿ ಮತ್ತೊಮ್ಮೆ ದೃಢಪಡಿಸಿಕೊಳ್ಳಬೇಕು.

ದಂತವೈದ್ಯಕೀಯದಲ್ಲಿ ಹಲ್ಲುಗಳನ್ನು ಎರಡಂಕಿಯ ಸಂಖ್ಯೆಗಳಿಂದ ಗುರುತಿಸುವ ಪದ್ಧತಿಯಿದೆ. ಅಲ್ಲಿಯೂ ಎಡಬಲಗಳು ರೋಗಿಯವೇ. ಮೊದಲ ಅಂಕಿಯು ರೋಗಿಯ ಬಾಯಿಯ ಕಾಲುಭಾಗವನ್ನು ಸೂಚಿಸುತ್ತದೆ. ಬಲ ಮೇಲ್ಭಾಗ 1, ಎಡ ಮೇಲ್ಭಾಗ 2, ಎಡ ಕೆಳಭಾಗ 3, ಬಲ ಕೆಳಭಾಗ 4. ಎರಡನೆಯ ಅಂಕಿಯು ನಡುಗೆರೆಯಿಂದ ಎಣಿಸಿದ ಹಲ್ಲಿನ ಕ್ರಮ. ಹೀಗಾಗಿ 36 ಎಂದರೆ ಎಡ ಕೆಳದವಡೆಯ ಮೊದಲ ದವಡೆಹಲ್ಲು. ಇದನ್ನು 46 ಎಂದು ಬರೆದರೆ ಬಲಗಡೆಯ ಹಲ್ಲಿಗೆ ಕೈಹಾಕಿದಂತಾಗುತ್ತದೆ.

ರೋಗಿಗಳಿಗೂ ಅವರ ಮನೆಯವರಿಗೂ ಲ್ಯಾಟಿನ್ ಹೆಸರುಗಳು ಬಾಯಿಪಾಠವಾಗಬೇಕಿಲ್ಲ. ನೋವಿರುವ ಅಂಗ ಯಾವುದು, ಅದು ತನ್ನ ಎಡವೋ ಬಲವೋ, ಹತ್ತಿರದ ಕೀಲಿನಿಂದ ಯಾವ ಕಡೆಗೆ ಎಷ್ಟು ಬೆರಳಿನ ದೂರದಲ್ಲಿದೆ, ಚರ್ಮದಲ್ಲೋ ಆಳದಲ್ಲೋ ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲೇ ಸ್ಪಷ್ಟವಾಗಿ ಹೇಳಿದರೆ ಈ ಪದಗಳು ಮಾಡುವ ಕೆಲಸವೇ ಆದಂತಾಗುತ್ತದೆ. ಚೀಟಿಯಲ್ಲಿ ಬರೆದ ಬದಿಯು ತನ್ನ ನೋವಿರುವ ಬದಿಗೆ ಹೊಂದುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.